ಶನಿವಾರ, ಭಾನುವಾರದ ಆ್ಯಪ್ ಕೆಲಸ: 671 ಪಿನ್‌ಕೋಡಿನವರಿಗೆ ಎಂತ ಉಂಟು?

ಬಾಯಾರು ಬಸ್ಸು:
ಎಲ್ಲರಿಗೂ ನಮಸ್ಕಾರ. ಮನೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ (ಪಿನ್‌ಕೋಡ್ 671) ಬಾಯಾರು ಹತ್ತಿರ, ಡಿಗ್ರಿ ಎರಡನೇ ವರ್ಷ, ಕಾಲೇಜು ಮಂಜೇಶ್ವರ. ಶನಿವಾರ, ಭಾನುವಾರ ಮನೆಯಲ್ಲಿ ಪೊಕ್ಕಡೆ ಕೂತು ಫೋನು ತಿಕ್ಕುವುದೇ ಆಗಿದೆ. ರೀಚಾರ್ಜು, ಬಸ್ಸು, ಪರೀಕ್ಷೆ ಫೀಸು ಇಷ್ಟಕ್ಕಾದರೂ ಅಪ್ಪನ ಹತ್ತಿರ ಕೈ ಚಾಚುವುದು ಬೇಡ ಅಂತ ಕೆಲಸ ಹುಡುಕಲು ಹೊರಟೆ.

ಆರು ಆ್ಯಪ್ ಹಾಕಿಕೊಂಡೆ. ಒಂದರಲ್ಲಿ 671 ಅಂತ ಪಿನ್‌ಕೋಡ್ ಒತ್ತಿದ ಕೂಡಲೇ ಪೂರ್ತಿ ಮಲಯಾಳಕ್ಕೆ ತಿರುಗಿತು. ನನಗೆ ಮಲಯಾಳ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ಬಸ್ಸಿನ ಬೋರ್ಡಿನಷ್ಟು ಮಾತ್ರ. ಇನ್ನೊಂದರಲ್ಲಿ 'ನಿಮ್ಮ ಹತ್ತಿರದ ಕೆಲಸಗಳು' ಅಂತ ತೋರಿಸಿದ್ದು ಕಣ್ಣೂರು ಮತ್ತು ಕೋಯಿಕ್ಕೋಡು! ಮಂಗಳೂರು ನನಗೆ ಬಸ್ಸಿನಲ್ಲಿ ಒಂದೂವರೆ ಗಂಟೆ, ಆದರೆ ಆ್ಯಪಿಗೆ ಅದು ಬೇರೆ ರಾಜ್ಯ. ಮೂರನೆಯದ್ದು ಕೆಲಸ ತೋರಿಸುವ ಮೊದಲೇ 499 ರೂಪಾಯಿ ನೋಂದಣಿ ಶುಲ್ಕ ಕೇಳಿತು. ಕಟ್ಟಲಿಲ್ಲ.

ಈ ಬದಿಯಿಂದ ಯಾರಾದರೂ ನಿಜವಾಗಿ ಆ್ಯಪ್‌ನಿಂದ ದುಡಿದವರು ಇದ್ದೀರಾ? ಬೈಕ್ ಉಂಟು, ಲೈಸೆನ್ಸ್ ಉಂಟು.

ಉಪ್ಪಳ ಪ್ಯಾಸೆಂಜರ್:
ಇದ್ದೇನೆ ಮಾರಾಯ. ಎಂಟು ತಿಂಗಳು ಮಂಗಳೂರಲ್ಲಿ ಊಟ ಡೆಲಿವರಿ ಮಾಡಿದ್ದೇನೆ, ಶನಿವಾರ ಮತ್ತು ಭಾನುವಾರ ಮಾತ್ರ. ಯಾವ ಕಂಪನಿ ಅಂತ ಕೇಳಬೇಡ, ಎಲ್ಲ ಒಂದೇ ಹಣೆಬರಹ.

ನನ್ನ ಡೈರಿಯಲ್ಲಿ ಬರೆದಿಟ್ಟ ಒಂದು ಶನಿವಾರದ ಲೆಕ್ಕ ಹೇಳ್ತೇನೆ. ಬೆಳಿಗ್ಗೆ ಹತ್ತಕ್ಕೆ ಉಪ್ಪಳದಿಂದ ಬೈಕಲ್ಲಿ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್. ಆ್ಯಪ್ ತೋರಿಸಿದ ಗಳಿಕೆ 720. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿಕೊಂಡೆ, ಗಮ್ಮತ್ತಾಯ್ತು. ಮರುದಿನ ಅಮ್ಮ ಪೆಟ್ರೋಲ್ ಬಿಲ್ ಕೇಳಿದಾಗ ಮಂಡೆಬಿಸಿ. ಮನೆಯಿಂದ ಮಂಗಳೂರಿಗೆ ಹೋಗಿ ಬರುವುದೇ ಅರುವತ್ತು ಕಿಲೋಮೀಟರ್. ಊರೊಳಗೆ ತಿರುಗಿದ್ದು ಎಂಬತ್ತೈದು. ನನ್ನ ಗಾಡಿ ಲೀಟರಿಗೆ ನಲವತ್ತೈದು ಕೊಡ್ತದೆ. ಪೆಟ್ರೋಲ್ ನೂರರ ಮೇಲೆ. ಅಲ್ಲಿಗೆ 330 ಹೋಯಿತು. ಮಧ್ಯಾಹ್ನ ಊಟ, ಸಂಜೆ ಚಾ 80. ಉಳಿದದ್ದು 310. ಹನ್ನೊಂದು ಗಂಟೆಗೆ! ಗಂಟೆಗೆ 28 ರೂಪಾಯಿ. ಟಯರು, ಆಯಿಲ್, ಚೈನು ಇದರಲ್ಲಿ ಸೇರಿಸಲೇ ಇಲ್ಲ.

ಆ್ಯಪ್ ಲೆಕ್ಕ ಹಿಡಿಯುವುದು ಆರ್ಡರಿನ ದಾರಿ ಮಾತ್ರ. ಉಪ್ಪಳದಿಂದ ಮಂಗಳೂರಿನ ಪಂಪ್‌ವೆಲ್‌ವರೆಗಿನ ದಾರಿ ನಮ್ಮ ತಲೆ ಮೇಲೆ. ಮಂಗಳೂರಲ್ಲೇ ಪಿಜಿಯಲ್ಲಿರುವ ಹುಡುಗನಿಗೆ ಅದೇ 720ಕ್ಕೆ ಬೇರೆ ಅರ್ಥ ಉಂಟು.

ಆಮೇಲೆ ಬುದ್ಧಿ ಬಂತು. ಬೈಕನ್ನು ತೊಕ್ಕೊಟ್ಟಿನ ದೋಸ್ತಿ ಮನೆಯಲ್ಲೇ ಬಿಟ್ಟೆ, ನಾನು ಪ್ಯಾಸೆಂಜರ್ ರೈಲು ಹಿಡಿದೆ. ಹೋಗಲಿಕ್ಕೆ ಹತ್ತು, ಬರಲಿಕ್ಕೆ ಹತ್ತು. ಎಕ್ಸ್‌ಪ್ರೆಸ್ ಹತ್ತಿದರೆ ಕನಿಷ್ಠವೇ ಮೂವತ್ತು, ಜಾಗ್ರತೆ. ಹೀಗೆ ಮಾಡಿ ದಿನಕ್ಕೆ ನಾನೂರರ ಮೇಲೆ ಉಳಿಯಿತು. ಆದರೆ ರೈಲಿನ ಸಮಯಕ್ಕೆ ಆರ್ಡರ್ ಬಿಟ್ಟು ಓಡಬೇಕು. ಇನ್ಸೆಂಟಿವ್‌ಗೆ ಒಂದೇ ಒಂದು ಆರ್ಡರ್ ಬಾಕಿ ಇರುವಾಗ ಉಳ್ಳಾಲ ಸ್ಟೇಷನ್ನಿಗೆ ಓಡಿದವನ ಹೊಟ್ಟೆಉರಿ ನಿಮಗೆ ಗೊತ್ತಾಗ್ಲಿಕ್ಕಿಲ್ಲ.

ಬಾಯಾರು ಬಸ್ಸು:
28 ರೂಪಾಯಿ ಓದಿ ತಲೆ ತಿರುಗಿತು. ಕಾಸರಗೋಡು ಪೇಟೆಯಲ್ಲಿ ಮಾಡಿದರೆ?

ಉಪ್ಪಳ ಪ್ಯಾಸೆಂಜರ್:
ಒಂದು ತಿಂಗಳು ಮಾಡಿದೆ. ಆರ್ಡರ್ ಬರ್ತದೆ, ಆದರೆ ಎರಡು ಆರ್ಡರ್ ಮಧ್ಯೆ ವಿದ್ಯಾನಗರದ ಬದಿಯಲ್ಲಿ ನಿಂತು ಬಸ್ಸು ಎಣಿಸುತ್ತಿದ್ದೆ. ಮತ್ತೆ ಗಿರಾಕಿ ಫೋನಿನಲ್ಲಿ ದಾರಿ ಹೇಳುವುದು ಮಲಯಾಳದಲ್ಲಿ, 'ಪಳ್ಳಿಯ ಅಪ್ಪುರ' (ಮಸೀದಿಯ ಆಚೆ) ಅಂತ. ಈ ಊರಲ್ಲಿ ಎಷ್ಟು ಪಳ್ಳಿ ಉಂಟು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಹಾಳೆಟೊಪ್ಪಿ:
ನಾನು ಎಣ್ಮಕಜೆ ಕಡೆಯ ಕೃಷಿಕ, ವಯಸ್ಸು ಐವತ್ತೆಂಟು. ಇದನ್ನೆಲ್ಲ ಓದಿ ನಗು ಬಂತು, ಬೇಜಾರೂ ಆಯ್ತು. ನನ್ನ ಅಂಗಳದಲ್ಲಿ ಅಡಿಕೆ ಒಣಗಿ ಸುಲಿಯುವವರಿಲ್ಲದೆ ಗೋಣಿಯಲ್ಲಿ ಕೂತಿದೆ. ಹೆಕ್ಕಲು ಜನ ಇಲ್ಲ, ಕೊಳೆರೋಗದ ಮದ್ದು ಬೋರ್ಡೋ ಬಿಡಲು ಜನ ಇಲ್ಲ. ಈಗ ಮರ ಹತ್ತಬೇಕೆಂದೂ ಇಲ್ಲ, ಫೈಬರ್ ದೋಟಿ (ಉದ್ದ ಕೋಲು) ಬಂದಿದೆ, ಕೆಳಗೆ ನಿಂತೇ ಮದ್ದು ಬಿಡಬಹುದು. ಅರ್ಧ ಕಿಲೋಮೀಟರ್ ದೂರದ ಮನೆಯ ಹುಡುಗ ಗಂಟೆಗೆ ಇಪ್ಪತ್ತೆಂಟು ರೂಪಾಯಿಗೆ ಮಂಗಳೂರಿನಲ್ಲಿ ಬಿರಿಯಾನಿ ಹೊರುತ್ತಾನೆ, ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ಆ್ಯಪಿನಲ್ಲಿ ಬಂದರೆ ಮಾತ್ರ ಕೆಲಸವಾ?

ಬಾಯಾರು ಬಸ್ಸು:
ಮಾವ, ಬೇಜಾರು ಮಾಡಬೇಡಿ, ಇದ್ದದ್ದು ಹೇಳ್ತೇನೆ. ಗುರ್ತದವರ ತೋಟದಲ್ಲಿ ನಾನು ಹೋದ ವರ್ಷ ಮೂರು ದಿನ ಅಡಿಕೆ ಹೆಕ್ಕಿದೆ. ಎಷ್ಟು ಕೊಡ್ತೀರಿ ಅಂತ ಮೊದಲೇ ಕೇಳಲು ಬಾಯಿ ಬರಲಿಲ್ಲ, ಅಪ್ಪನ ದೋಸ್ತಿ. ಮೂರನೇ ದಿನ ಹೊಟ್ಟೆ ತುಂಬ ಊಟ ಹಾಕಿ, ಕೈಗೆ ಒಂದು ಕದಳಿ ಗೊನೆ ಕೊಟ್ಟು, 'ಅಪ್ಪನತ್ರ ಮಾತಾಡ್ತೇನೆ' ಅಂದರು. ಅಪ್ಪನತ್ರ ಎಂತ ಮಾತಾಡಿದರೋ ಇವತ್ತಿಗೂ ಗೊತ್ತಿಲ್ಲ. ಆ್ಯಪಿನಲ್ಲಿ 34 ರೂಪಾಯಿ ಅಂತ ಇದ್ದರೆ 34, ನಾಚಿಕೆ ಇಲ್ಲ, ನೆಂಟಸ್ತನ ಇಲ್ಲ.

ಬಡಿಸುವ ಬಾಬು:
ಕದಳಿ ಗೊನೆ 😂 ನನಗೆ ಒಮ್ಮೆ ಹಲಸಿನ ಹಪ್ಪಳ ಕೊಟ್ಟಿದ್ದರು, ಎರಡು ಕಟ್ಟ.

ಹಾಳೆಟೊಪ್ಪಿ:
ಒಪ್ಪಿದೆ. ನಮ್ಮಲ್ಲಿ ಆ ಅಭ್ಯಾಸ ಉಂಟು. ನೆರೆಕರೆಯ ಮಕ್ಕಳಿಗೆ ಸಂಬಳ ಅಂತ ಎಣಿಸಿ ಕೊಡುವುದೇ ಒಂಥರಾ ಅಂತ ನಮ್ಮ ಅಪ್ಪನ ಕಾಲದಿಂದ ಬಂದದ್ದು. ಹಾಗಾದರೆ ಇಲ್ಲಿಯೇ ಬರೆಯುತ್ತೇನೆ: ಚಾಲಿ (ಒಣಗಿಸಿದ ಅಡಿಕೆ) ಸುಲಿದದ್ದಕ್ಕೆ ನಾನು ಕಿಲೋಗೆ 12 ಕೊಡುವುದು, ಸಂಜೆ ತೂಗಿ ಆಗಲೇ ಗೂಗಲ್‌ಪೇ. ಹೊಸಬರು ಮೊದಲ ದಿನ ಹದಿನೈದು ಕಿಲೋ ದಾಟುವುದಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳಬೇಕು. ತಿಂಗಳಲ್ಲಿ ಕೈ ಕೂತರೆ ನಲವತ್ತು ದಾಟ್ತದೆ. ಊಟ, ಚಾ ಲೆಕ್ಕಕ್ಕಿಲ್ಲ. ಗೊನೆ ಕೊಟ್ಟರೆ ಅದು ಬೇರೆ.

ಕುಂಬಳೆ ಅಕ್ಕ:
ನಾನು ಬ್ಯಾಂಕಿನಲ್ಲಿ ಕೌಂಟರ್ ಹಿಂದೆ ಕೂತಿರುವವಳು. ಆ 499ರ ವಿಷಯ ಯಾರೂ ಎತ್ತಿಕೊಳ್ಳಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಲಸ ಕೊಡುವವನು ನಿನ್ನಿಂದ ದುಡ್ಡು ಕೇಳಿದ ಅಂದರೆ ಅಲ್ಲಿಗೆ ಕತೆ ಮುಗಿಯಿತು. ಆದರೆ ಈಗ ಮೊದಲೇ ದುಡ್ಡು ಕೇಳುವವರು ಕಡಿಮೆ, ಮೊದಲು ಕೊಡ್ತಾರೆ. ನಮ್ಮ ಶಾಖೆಗೆ ಅಳುತ್ತಾ ಬಂದ ಹುಡುಗಿಯ ಕತೆ ಹೀಗೆ. ವಾಟ್ಸಾಪಿನಲ್ಲಿ ಮೆಸೇಜು: ಮನೆಯಲ್ಲೇ ಕೂತು ಹೋಟೆಲುಗಳಿಗೆ ಐದು ಸ್ಟಾರ್ ಕೊಡಿ, ಒಂದಕ್ಕೆ ಐವತ್ತು. ಮೂರು ಮಾಡಿದಳು, 150 ನಿಜವಾಗಿ ಬಂತು. ಮತ್ತೆ ಟೆಲಿಗ್ರಾಂ ಗುಂಪಿಗೆ ಎಳೆದರು. ಅಲ್ಲಿ 'ಪ್ರೀಪೇಯ್ಡ್ ಟಾಸ್ಕ್': ಸಾವಿರ ಹಾಕು, ಸಾವಿರದ ಮುನ್ನೂರು ತೆಗೆ. ಅದೂ ಬಂತು! ಮೂರನೇ ಸಲ ಐದು ಸಾವಿರ ಹಾಕಿದಳು, ಸ್ಕ್ರೀನಿನಲ್ಲಿ ಲಾಭ ಕಾಣ್ತದೆ, ತೆಗೆಯಲು ಹೋದರೆ 'ಟಾಸ್ಕ್ ತಪ್ಪಾಗಿದೆ, ಇನ್ನು ಹನ್ನೆರಡು ಸಾವಿರ ಹಾಕಿದರೆ ಎಲ್ಲ ಒಟ್ಟಿಗೆ ಸಿಗ್ತದೆ'. ಗುಂಪಿನ ಇನ್ನೂರು ಜನ 'ನನಗೆ ಬಂತು, ನನಗೆ ಬಂತು' ಅಂತ ಸ್ಕ್ರೀನ್‌ಶಾಟ್ ಹಾಕ್ತಾ ಇದ್ದರು. ಆ ಇನ್ನೂರೂ ಅವರದ್ದೇ ಜನ.

ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರಿಗೆ ಹೇಗೆ ಹೇಳುವುದು ಅಂತ ಎರಡು ದಿನ ಯೋಚಿಸಬೇಡಿ. ಆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆದರೆ ಮಾತ್ರ ಏನಾದರೂ ಸಿಕ್ಕೀತು. ಇನ್ನೊಂದು: ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. ಒತ್ತಿದಿರಿ ಅಂದರೆ ನೀವು ಕೊಡುತ್ತಿದ್ದೀರಿ.

ಇದಕ್ಕಿಂತ ನನಗೆ ಹೆದರಿಕೆ ಬೇರೆಯದ್ದು. 'ನಿನ್ನ ಅಕೌಂಟು ಖಾಲಿ ಇದೆಯಲ್ಲ, ಅದರಲ್ಲಿ ನಮ್ಮ ದುಡ್ಡು ಬಂದು ಹೋಗಲಿ, ತಿಂಗಳಿಗೆ ಐದು ಸಾವಿರ' ಅಂತ ಕಾಲೇಜಿನ ಸೀನಿಯರೇ ಕೇಳ್ತಾನೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರೂ ಕೊಡ್ತಾರೆ ಮಕ್ಕಳು! ಆ ಖಾತೆಗೆ ಬರುವುದು ಯಾವುದೋ ಊರಿನ ಅಜ್ಜನಿಗೆ ಪೊಲೀಸರ ವೇಷದಲ್ಲಿ ವೀಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತ ದುಡ್ಡು. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿ ಉಂಟೋ ಅವರ ಮನೆಗೆ. ನನಗೆ ಗೊತ್ತಿರಲಿಲ್ಲ ಅಂತ ಹೇಳಬಹುದು, ಕೇಸು ನಡೆಯುವಷ್ಟು ವರ್ಷ ಹೇಳುತ್ತಲೇ ಇರಬೇಕು.

ತೊಕ್ಕೊಟ್ಟು ಪಿಜಿ:
ಅಕ್ಕ ಹೇಳಿದ್ದರ ಜತೆ ಐಡಿ ಬಾಡಿಗೆಯೂ ಸೇರಿಸಿ. ನನ್ನ ರೂಮಿನವನು ಹದಿನೇಳು ವರ್ಷದವ, ಅಣ್ಣನ ಐಡಿಯಲ್ಲಿ ಡೆಲಿವರಿ ಮಾಡ್ತಿದ್ದ. ಆ್ಯಪ್ ಸೆಲ್ಫಿ ಕೇಳಿದಾಗಲೆಲ್ಲ ಅಣ್ಣನಿಗೆ ವೀಡಿಯೋ ಕಾಲ್. ಒಂದು ದಿನ ಕಂಕನಾಡಿ ಹತ್ತಿರ ಸ್ಕಿಡ್ ಆಗಿ ಬಿದ್ದು ಮೊಣಗಂಟು ಹೋಯಿತು. ಕಂಪನಿ ವಿಮೆ ಇರುವುದು ಅಣ್ಣನಿಗೆ, ಅಣ್ಣ ಬಿದ್ದಿಲ್ಲ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ 50 ಸಿಸಿವರೆಗಿನ ಗಾಡಿಗೆ ಮಾತ್ರ, ಅಂಥ ಗಾಡಿ ಈಗ ಯಾರ ಹತ್ತಿರ ಉಂಟು? ಹಾಗಾಗಿ ಗಾಡಿಯ ವಿಮೆಯೂ ಕೈ ಎತ್ತಿತು. ಆಸ್ಪತ್ರೆ ಬಿಲ್ಲು ಕಟ್ಟಿದ್ದು ಅಪ್ಪ, ಬ್ಯಾಂಕಿನಲ್ಲಿ ಚಿನ್ನ ಇಟ್ಟು.

ಹದಿನೆಂಟು ತುಂಬಿದವರೂ ನಿಮ್ಮ ಗಾಡಿಯ ಪಾಲಿಸಿ ಒಮ್ಮೆ ತೆಗೆದು ಓದಿ. ಖಾಸಗಿ ಉಪಯೋಗಕ್ಕೆ ಅಂತ ಮಾಡಿಸಿದ ವಿಮೆ, ಡೆಲಿವರಿ ಚೀಲ ಬೆನ್ನಿಗಿದ್ದಾಗ ಬಿದ್ದರೆ ತಕರಾರು ಬರಬಹುದು.

ವಕೀಲ ಅಲ್ಲ, ಓದುಗ:
ಕಾನೂನಿನ ವಿಷಯ ಸ್ವಲ್ಪ. ಗಡಿಯವರಿಗೆ ಇದರಲ್ಲಿ ಒಂದು ತಮಾಷೆ ಉಂಟು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ (ಹೀಗೆ ಆ್ಯಪ್ ಮೂಲಕ ದುಡಿಯುವವರ) ಸಾಮಾಜಿಕ ಭದ್ರತೆಗೆಂದು ಪ್ರತ್ಯೇಕ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿಯಿಂದ. ತೆಗೆದುಹಾಕುವುದಿದ್ದರೆ ಕಾರಣ ಲಿಖಿತವಾಗಿ ಕೊಟ್ಟು 14 ದಿನ ಮೊದಲು ತಿಳಿಸಬೇಕು. ಇದು ಕರ್ನಾಟಕದಲ್ಲಿ ಮಾಡುವ ಕೆಲಸಕ್ಕೆ. ಅಂದರೆ ನಮ್ಮ ಉಪ್ಪಳ ಪ್ಯಾಸೆಂಜರ್ ರಾಜ್ಯದ ಗಡಿ ತಲಪಾಡಿಯ ಆಚೆ ಇದ್ದಾಗ ಒಂದು ಕಾನೂನು, ಈಚೆ ವಿದ್ಯಾನಗರದಲ್ಲಿ ಬಸ್ಸು ಎಣಿಸುವಾಗ ಆ ಕಾನೂನು ಇಲ್ಲ. ಹುಡುಗ ಅದೇ, ಚೀಲ ಅದೇ.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಎರಡೂ ಕಡೆಗೆ ಅನ್ವಯ. ಅದು ಪಾಸಾದದ್ದು 2020ರಲ್ಲಿ, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಡಿಸೆಂಬರ್ ಕೊನೆಗೆ ಬಂದ ಕರಡು ನಿಯಮದಲ್ಲಿ ವಾರಾಂತ್ಯದವರು ನೋಡಬೇಕಾದ ಸಂಖ್ಯೆ ಉಂಟು: ಸೌಲಭ್ಯಕ್ಕೆ ಅರ್ಹರಾಗಲು ವರ್ಷದಲ್ಲಿ ಒಂದೇ ಕಂಪನಿಯಲ್ಲಾದರೆ 90 ದಿನ, ಹಲವು ಕಂಪನಿಗಳಲ್ಲಾದರೆ 120 ದಿನ ದುಡಿದಿರಬೇಕು. ವರ್ಷದ ಎಲ್ಲ ಶನಿವಾರ, ಭಾನುವಾರ ಸೇರಿದರೆ 104. ಪರೀಕ್ಷೆ, ಮದುವೆ, ಜ್ವರ, ಊರ ಜಾತ್ರೆ ಕಳೆದರೆ 90 ಮುಟ್ಟುವುದೇ ಕಷ್ಟ. ಆದರೂ ಕಾರ್ಮಿಕರ ಹೆಸರು ನೋಂದಾಯಿಸುವ ಕೇಂದ್ರದ ತಾಣ ಇ-ಶ್ರಮ್‌ನಲ್ಲಿ ಹೆಸರು ಹಾಕಿಸಿಡಿ, ಖರ್ಚಿಲ್ಲ.

ಉಪ್ಪಳ ಪ್ಯಾಸೆಂಜರ್:
ನನ್ನ ಐಡಿ ಬ್ಲಾಕ್ ಆದದ್ದು ಹದಿನಾಲ್ಕು ದಿನ ಅಲ್ಲ, ಹದಿನಾಲ್ಕು ಸೆಕೆಂಡಿನಲ್ಲಿ. ಅದು ಈ ಕಾಯ್ದೆಗೆ ಮೊದಲು. ಗಿರಾಕಿ 'ಸಾರು ಚೆಲ್ಲಿದೆ' ಅಂತ ಕಂಪ್ಲೇಂಟ್ ಕೊಟ್ಟಿದ್ದ. ಚಾಟ್‌ನಲ್ಲಿ ಮಾತಾಡಿದ್ದು ಮನುಷ್ಯನೋ ಯಂತ್ರವೋ ಕೊನೆಗೂ ಗೊತ್ತಾಗಲಿಲ್ಲ. ಮೂರು ಸಲ 'ನಿಮ್ಮ ಭಾವನೆ ಅರ್ಥವಾಗುತ್ತದೆ' ಅಂದಿತು.

ಬಡಿಸುವ ಬಾಬು:
ಸಾರಿನ ವಿಷಯ ಬಂತಲ್ಲ, ಈಗ ನಾನು ಮಾತಾಡಬಹುದು.

ನಾನು ಎರಡು ವರ್ಷದಿಂದ ಕ್ಯಾಟರಿಂಗಿಗೆ ಹೋಗ್ತೇನೆ. ಇದಕ್ಕೂ ಆ್ಯಪ್ ಉಂಟು, ಅದರ ಹೆಸರು ವಾಟ್ಸಾಪ್. ನಮ್ಮ ಗುಂಪಿನಲ್ಲಿ ನೂರಾ ಎಂಬತ್ತು ಹುಡುಗರು, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ಪೆರ್ಲದವರು. ಶುಕ್ರವಾರ ಸಂಜೆ ಮೆಸೇಜು ಬೀಳ್ತದೆ: ಇಂಥ ಮದುವೆ ಹಾಲ್, ಭಾನುವಾರ, ಆರು ಜನ, 600. ಮೊದಲು 'ನಾನು' ಹಾಕಿದವನಿಗೆ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋದರೆ ನಾಲ್ಕಕ್ಕೆ ಬಿಡುಗಡೆ, ಎರಡು ಹೊತ್ತಿನ ಊಟ ಅಲ್ಲೇ. ಪೆಟ್ರೋಲ್ ಐವತ್ತು ರೂಪಾಯಿಯದ್ದು.

ಸುಲಭ ಅಂತ ಹೇಳುವುದಿಲ್ಲ. ಮೊದಲ ದಿನ ನನಗೆ ಕೊಟ್ಟದ್ದು ಸಾರಿನ ಬಾಲ್ದಿ. ಎಡಗೈಯಲ್ಲಿ ಬಾಲ್ದಿ, ಬಲಗೈಯಲ್ಲಿ ಸೌಟು, ಉಟ್ಟದ್ದು ಬಿಳಿ ಪಂಚೆ, ನೆಲ ಒದ್ದೆ. ಎಲೆಯ ಮೇಲೆ ಅನ್ನದ ನಡುವೆ ಗುಂಡಿ ಮಾಡಿ ಕಾಯುತ್ತಾ ಕೂತ ಅಜ್ಜನಿಗೆ ನಾನು ಬಿಟ್ಟ ಸಾರು ಗುಂಡಿ ದಾಟಿ, ಎಲೆ ದಾಟಿ, ಅವರ ಮಡಿಲಿಗೆ ಹೋಯಿತು. ಅಜ್ಜ ಬೈಯಲಿಲ್ಲ, 'ಹೊಸಬನಾ?' ಅಂತ ಕೇಳಿ ಪಂಚೆ ಕೊಡವಿಕೊಂಡರು. ಭಟ್ಟರು ಮಾತ್ರ ನನ್ನನ್ನು ಮೂರನೇ ಹಂತಿಗೆ (ಊಟದ ಪಂಕ್ತಿಗೆ) ಉಪ್ಪು ಬಡಿಸಲು ಹಾಕಿದರು. ಉಪ್ಪು, ಉಪ್ಪಿನಕಾಯಿ ಹೊಸಬರದ್ದು. ಪಾಯಸಕ್ಕೆ ಬಡ್ತಿ ಸಿಗಲು ನನಗೆ ಎಂಟು ತಿಂಗಳು ಬೇಕಾಯ್ತು, ನಿಮ್ಮ ಆ್ಯಪಿನ ಸ್ಟಾರ್ ರೇಟಿಂಗ್ ಎಲ್ಲ ಎಲ್ಲಿಗೆ!

ತೊಂದರೆ ಎಂತ ಅಂದರೆ ಜುಲೈ ನಡುವಿನಿಂದ ಬರುವ ಆಟಿ ತಿಂಗಳಲ್ಲಿ ಮದುವೆ ಇಲ್ಲ. ತಿಂಗಳು ಪೂರ್ತಿ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್. ಮತ್ತೆ ದುಡ್ಡು ಕೆಲವರು ಅಂದೇ ಕೊಡ್ತಾರೆ, ಕೆಲವರು ಮುಂದಿನ ಮದುವೆಗೆ ಸೇರಿಸಿ ಕೊಡ್ತೇವೆ ಅಂತಾರೆ. ಒಬ್ಬ ಗುತ್ತಿಗೆಯವನಿಂದ ನನಗೆ ಇನ್ನೂ 1800 ಬರಲಿಕ್ಕುಂಟು.

ಬಾಯಾರು ಬಸ್ಸು:
ನೋಡಿ, ಪುನಃ ಅದೇ. ದುಡ್ಡು ಕೇಳಲಿಕ್ಕೆ ಬಾಯಿ ಬರದ ಕೆಲಸ.

ಬಡಿಸುವ ಬಾಬು:
ಅವನ ಹೆಸರು ಗುಂಪಿನಲ್ಲಿ ಹಾಕಿದೆವು. ಈಗ ಅವನ ಮೆಸೇಜಿಗೆ ಯಾರೂ 'ನಾನು' ಹಾಕುವುದಿಲ್ಲ. ಕಳೆದ ವಾರ ತಾನೇ ಬಡಿಸಿದ ಅಂತ ಸುದ್ದಿ.

ನೀರ್ಚಾಲಿನವಳು:
ಇಷ್ಟು ಹೊತ್ತು ಓದಿದೆ, ಎಲ್ಲ ಗಂಡುಮಕ್ಕಳ ಕೆಲಸವೇ ಆಯ್ತು. ರಾತ್ರಿ ಒಂಬತ್ತಕ್ಕೆ ರೈಲು ಇಳಿದು ಬರುತ್ತೇನೆ ಅಂದರೆ ನನ್ನ ಮನೆಯಲ್ಲಿ ಅನ್ನ ಹಾಕುವುದಿಲ್ಲ. ಹಾಗಾಗಿ ನಾನು ಕೂತಲ್ಲೇ ಮಾಡುವುದು ಹುಡುಕಿದೆ.

ಮೊದಲು ಓದುವ ಕೆಲಸ. ಕನ್ನಡ ವಾಕ್ಯ ಸ್ಕ್ರೀನಿನಲ್ಲಿ ಬರ್ತದೆ, ಜೋರಾಗಿ ಓದಿ ರೆಕಾರ್ಡ್ ಮಾಡಬೇಕು, ಕಂಪ್ಯೂಟರಿಗೆ ಕನ್ನಡ ಕಲಿಸಲಿಕ್ಕೆ. ಬೆಂಗಳೂರಿನ 'ಕಾರ್ಯ' ಅನ್ನುವ ಸಂಸ್ಥೆ ಹೀಗೆ ದುಡ್ಡು ಕೊಟ್ಟು ಮಾಡಿಸುವವರಲ್ಲಿ ಒಂದು. ನಾನು ಮಾಡಿದ್ದು ಬೇರೆ ಕಡೆ. ಯಾವಾಗಲೂ ಇರುವುದಿಲ್ಲ, ಬಂದಾಗ ಬಂತು. ನನ್ನ ಸಮಸ್ಯೆ ಬೇರೆ: ನಾನು 'ಹೋಗ್ಲಿಕ್ಕುಂಟು' ಅಂದರೆ ತಪ್ಪು ಅಂತ ತಿರಸ್ಕಾರ. ಬೆಂಗಳೂರಿನ ಕನ್ನಡ ಮಾತ್ರ ಕನ್ನಡವಾ? 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಸಹ ಬಂತು, ನಮ್ಮ ಕನ್ನಡಕ್ಕೆ ಯಾವಾಗ ಜಾಗವೋ.

ಈಗ ಮಾಡುತ್ತಿರುವುದು ಆಮಂತ್ರಣ ಪತ್ರಿಕೆ. ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ. ಫೋನಿನಲ್ಲೇ ಕ್ಯಾನ್ವಾದಲ್ಲಿ ಮಾಡಿ ಪಿಡಿಎಫ್ ಕಳಿಸುವುದು, ಒಂದಕ್ಕೆ 250. ಇದರಲ್ಲಿ ನಮಗೆ ಇರುವ ದೊಡ್ಡ ಅನುಕೂಲ ನಾವೇ ನೋಡುವುದಿಲ್ಲ. ಒಂದೇ ಕಾಗದದಲ್ಲಿ ಒಂದು ಬದಿ ಕನ್ನಡ, ಒಂದು ಬದಿ ಮಲಯಾಳ ಬೇಕು ಇಲ್ಲಿ. ಮಂಗಳೂರಿನ ಡಿಟಿಪಿಯವರಿಗೆ ಮಲಯಾಳ ಬರುವುದಿಲ್ಲ, ಕಣ್ಣೂರಿನವರಿಗೆ ಕನ್ನಡ ಬರುವುದಿಲ್ಲ. ನಾನು ಮಲಯಾಳ ಓದಲು ಕಲಿತದ್ದು ಪ್ಲಸ್‌ಟುನಲ್ಲಿ ಗೆಳತಿಯಿಂದ, ಒಂದು ರಜೆಯಲ್ಲಿ. ಬಾಯಾರಿನ ತಮ್ಮ, ಆ್ಯಪ್ ಮಲಯಾಳಕ್ಕೆ ತಿರುಗಿತು ಅಂತ ಅಳುವ ಬದಲು ಅಕ್ಷರ ಕಲಿ. ಪಂಚಾಯತಿನ ನೋಟೀಸು ಬಂದಾಗ ನಮ್ಮ ಬದಿಯ ಅಜ್ಜಂದಿರು ಅದನ್ನು ಹಿಡಿದುಕೊಂಡು ಯಾರ ಮನೆಗೆ ಹೋಗಬೇಕು ಅಂತ ಹುಡುಕುತ್ತಾರೆ. ಪಿಎಸ್‌ಸಿ ಅರ್ಜಿ, ಪಿಂಚಣಿ ಅರ್ಜಿ ತುಂಬಲಿಕ್ಕೂ ಹಾಗೆಯೇ. ನಾನು ಅಜ್ಜಂದಿರ ಹತ್ತಿರ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಅವರ ಮೊಮ್ಮಗಳ ಮದುವೆ ಕಾಗದ ನನಗೇ ಬರ್ತದೆ.

ಹಾಳೆಟೊಪ್ಪಿ:
ನಮ್ಮ ದೇವಸ್ಥಾನದ ಜೀರ್ಣೋದ್ಧಾರದ ಕಾಗದ ಮಾಡಿಸಲಿಕ್ಕುಂಟು. ಎರಡೂ ಭಾಷೆ. ದರ 250 ಅಂತ ಬರೆದಿದ್ದೀಯಲ್ಲ ಮಗಳೇ, ಇಪ್ಪತ್ತು ಪುಟದ್ದಕ್ಕೂ ಅಷ್ಟೇಯಾ?

ನೀರ್ಚಾಲಿನವಳು:
ಇಪ್ಪತ್ತು ಪುಟಕ್ಕೆ 4000. ಅರ್ಧ ಮುಂಗಡ.

ಹಾಳೆಟೊಪ್ಪಿ:
ನಂಬರ್ ಕಳಿಸು. ಕಮಿಟಿಯವರಿಗೆ ಮುಂಗಡ ಅಂದರೆ ಕೋಪ ಬರ್ತದೆ, ಆದರೂ ಮಾತಾಡುತ್ತೇನೆ.

ಬಾಯಾರು ಬಸ್ಸು:
ಐದು ವಾರದ ಮೇಲೆ ಪುನಃ ಬಂದೆ. ಯಾರಿಗಾದರೂ ಉಪಯೋಗ ಆದೀತು ಅಂತ ನನ್ನ ಪುಸ್ತಕದಲ್ಲಿರುವ ಹಾಗೆಯೇ ಬರೆಯುತ್ತೇನೆ.

ಮೊದಲ ವಾರ ಮಂಗಳೂರು ಡೆಲಿವರಿ ಟ್ರೈ ಮಾಡಿದೆ. ಭಾನುವಾರ ಕಂಡಕ್ಟರ್ ಕನ್ಸೆಷನ್ ಕಾರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ, ಫುಲ್ ಟಿಕೆಟ್. ಗಾಡಿ ದೋಸ್ತಿಯದ್ದು, ಅವನಿಗೆ ಪೆಟ್ರೋಲ್ ಹಾಕಿಸಿ ಉಳಿದದ್ದು ಎರಡು ದಿನಕ್ಕೆ 540. ಎರಡನೇ ವಾರ ಜ್ವರ. ಮೂರನೇ ವಾರ ಹಾಳೆಟೊಪ್ಪಿ ಮಾವನಲ್ಲಿಗೆ ಹೋದೆ. ಮೊದಲ ದಿನ ಹದಿಮೂರು ಕಿಲೋ, ಎರಡನೇ ದಿನ ಹತ್ತೊಂಬತ್ತು. ಒಟ್ಟು 384 ರೂಪಾಯಿ, ಹೆಬ್ಬೆರಳಿಗೆ ಎರಡು ಗಾಯ. ಸಂಜೆ ತೂಗಿ ಅಲ್ಲೇ ಗೂಗಲ್‌ಪೇ ಮಾಡಿದರು. ಗೊನೆಯೂ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ. ನಾಲ್ಕನೇ ವಾರ ಅಲ್ಲಿಯೇ, 500 ದಾಟಿತು.

ದುಡ್ಡಿನಲ್ಲಿ ಡೆಲಿವರಿಗಿಂತ ಹೆಚ್ಚೇನಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಾಲ್ಕೂವರೆಗೆ ಮನೆಯಲ್ಲಿರುತ್ತೇನೆ. ಸೋಮವಾರದ ಇಂಟರ್ನಲ್‌ಗೆ ಓದಲು ಆಯ್ತು. ಮಲಯಾಳ ಅಕ್ಷರ 'ಖ' ವರೆಗೆ ಬಂದಿದೆ, ನಗಬೇಡಿ. ಐದು ಆ್ಯಪ್ ತೆಗೆದುಹಾಕಿದೆ. ಉಳಿದ ಒಂದು ದಿನಾ ಬೆಳಿಗ್ಗೆ ಕೋಯಿಕ್ಕೋಡಿನ ಕೆಲಸ ತೋರಿಸ್ತದೆ.

ಬಡಿಸುವ ಬಾಬು:
ಕೋಯಿಕ್ಕೋಡು ಬಿಡು. ಬರುವ ಭಾನುವಾರ ಬದಿಯಡ್ಕ ಹತ್ತಿರ ಎರಡು ಜನ ಕಡಿಮೆ ಇದ್ದಾರೆ. 600, ಅಂದೇ ಕೈಗೆ. ಬರ್ತೀಯಾ?

ಬಾಯಾರು ಬಸ್ಸು:
ನಾನು. ಪಂಚೆ ನಾವೇ ತರಬೇಕಾ?

ಬಡಿಸುವ ಬಾಬು:
ನೀವೇ ತರಬೇಕು. ಹಳೆಯದ್ದು ತಾ, ನಿನಗೆ ಉಪ್ಪು ಅಂತ ಹೇಳಿಟ್ಟಿದ್ದೇನೆ, ಆದರೆ ಭಟ್ಟರ ಮನಸ್ಸು ಹೇಳಲಿಕ್ಕಾಗುವುದಿಲ್ಲ.